ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ: 6, 7, 8ನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಮತ್ತು ಗಣಿತದ ಪದಗಳನ್ನು ಒಟ್ಟಿಗೆ ಕಲಿಸುವುದು ಹೇಗೆ?

ಗಣಿತ ಮೇಷ್ಟ್ರು, ಬೇಲೂರು

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ, ವಿಜ್ಞಾನ ತೆಗೆದುಕೊಳ್ಳುತ್ತೇನೆ. ಒಂದು ವಿಷಯ ಬಹಳ ದಿನದಿಂದ ಕೊರೆಯುತ್ತಿದೆ. ಅನುಭವ ಇರುವವರು ದಯವಿಟ್ಟು ಬರೆಯಿರಿ.

ನಮ್ಮ ಮಕ್ಕಳು ಐದನೇ ತರಗತಿ ತನಕ ಕನ್ನಡದಲ್ಲೇ ಲೆಕ್ಕ ಕಲಿತವರು. ಆರಕ್ಕೆ ಕೆಲವರು ಆದರ್ಶ ವಿದ್ಯಾಲಯದ ಪರೀಕ್ಷೆ ಬರೆದು ಹೋಗುತ್ತಾರೆ. ಅಲ್ಲಿ ಒಂದೇ ಸಲಕ್ಕೆ ಎಲ್ಲಾ ಇಂಗ್ಲಿಷ್. ಇಲ್ಲೇ ಉಳಿದವರೂ ಮುಂದೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡರೆ ಅದೇ ಕಷ್ಟ. ಹಾಗಾಗಿ ಈ ಮೂರು ವರ್ಷದಲ್ಲೇ ಎರಡೂ ಭಾಷೆಯ ಲೆಕ್ಕದ ಮಾತು ಮಕ್ಕಳ ಬಾಯಿಗೆ ಬರಬೇಕು ಅನ್ನುವುದು ನನ್ನ ಆಸೆ.

ಮೊನ್ನೆ ಏಳನೇ ತರಗತಿಯಲ್ಲಿ ಬೋರ್ಡಿನ ಮೇಲೆ ‘ಸಬ್‌ಟ್ರ್ಯಾಕ್ಟ್ 18 ಫ್ರಮ್ 45’ ಎಂದು ಇಂಗ್ಲಿಷಿನಲ್ಲಿ ಬರೆದೆ. ಚುರುಕಾದ ಹುಡುಗಿಯೊಬ್ಬಳು ಎದ್ದು ಬಂದು 18 − 45 ಎಂದು ಬರೆದಳು. ಉತ್ತರ −27 ಎಂದು ಸರಿಯಾಗಿಯೇ ತೆಗೆದಳು. ಪೂರ್ಣಾಂಕಗಳ ಪಾಠ ಅವಳಿಗೆ ಚೆನ್ನಾಗಿ ಹತ್ತಿದೆ! ಅದೇ ಹುಡುಗಿಗೆ ‘45ರಿಂದ 18 ಕಳೆಯಮ್ಮ’ ಅಂದರೆ ಕಣ್ಣು ಮಿಟುಕಿಸುವುದರೊಳಗೆ 27 ಅನ್ನುತ್ತಾಳೆ. ಸಬ್‌ಟ್ರ್ಯಾಕ್ಟ್ ಅಂದರೆ ಕಳೆಯುವುದು ಅಂತಲೂ ಗೊತ್ತು. ಹಾಗಾದರೆ ಎಲ್ಲಿ ಎಡವಿದಳು?

ಪದಪಟ್ಟಿ ಮಾಡಿಸಿ ಬಾಯಿಪಾಠ ಮಾಡಿಸುವುದರಿಂದ ನನ್ನ ತರಗತಿಯಲ್ಲಿ ಅಂಥ ಉಪಯೋಗ ಕಂಡಿಲ್ಲ. ನಿಮ್ಮಲ್ಲಿ ಏನು ಮಾಡುತ್ತೀರಿ?

ಇಂಗ್ಲಿಷ್ ಟೀಚರ್, ಮೂಡಿಗೆರೆ

ಸರ್, ಆ ಹುಡುಗಿ ಎಡವಿದ್ದು ‘ಫ್ರಮ್’ ಹತ್ತಿರ. ಅದನ್ನು ನೋಡಬೇಕಾದವರು ನಾವು ಇಂಗ್ಲಿಷ್ ಟೀಚರ್‌ಗಳು.

ಕನ್ನಡದಲ್ಲಿ ‘45ರಿಂದ 18 ಕಳೆ’ ಅಂದಾಗ ಅಂಕಿಗಳು ಬರೆಯುವ ಸಾಲಿನಲ್ಲೇ ಬರುತ್ತವೆ. ಮೊದಲು 45, ಆಮೇಲೆ 18. ಇಂಗ್ಲಿಷಿನಲ್ಲಿ ಸಾಲು ತಿರುಗಾ ಮುರುಗಾ. ಬೀಜಗಣಿತಕ್ಕೆ ಬಂದರೆ ಇನ್ನೂ ಜಾಸ್ತಿ. ‘ಎಕ್ಸ್‌ಗಿಂತ 5 ಕಡಿಮೆ’ ಅನ್ನುವುದನ್ನು ಕೇಳಿದ ಹಾಗೇ ಎಕ್ಸ್ − 5 ಎಂದು ಬರೆದುಬಿಡಬಹುದು. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಅಂದರೆ ಮಗು ಕೇಳಿದ ಸಾಲಿನಲ್ಲೇ 5 − ಎಕ್ಸ್ ಎಂದು ಬರೆಯುತ್ತದೆ. ಭಿನ್ನರಾಶಿಯಲ್ಲೂ ನೋಡಿ. ನಾವು ‘ಮೂರನೇ ಎರಡು’ ಅನ್ನುತ್ತೇವೆ, ಛೇದ ಮೊದಲು. ಅವರು ‘ಟೂ ಥರ್ಡ್ಸ್’ ಅನ್ನುತ್ತಾರೆ, ಅಂಶ ಮೊದಲು.

ಫ್ರಮ್, ದ್ಯಾನ್, ಬೈ, ಆಫ್, ಈಚ್, ಪರ್. ಇವನ್ನು ನಾವು ವ್ಯಾಕರಣದ ಪಾಠದಲ್ಲಿ ‘ಐ ಕೇಮ್ ಫ್ರಮ್ ಮಾರ್ಕೆಟ್’ ಥರದ ವಾಕ್ಯದಲ್ಲಿ ಕಲಿಸಿ ಮುಗಿಸುತ್ತೇವೆ. ಅಂಕಿಯ ಜೊತೆ ಯಾವತ್ತೂ ಕೂರಿಸುವುದಿಲ್ಲ. ಗಣಿತದ ಟೀಚರ್ ಇದು ಇಂಗ್ಲಿಷಿನವರ ಕೆಲಸ ಅಂದುಕೊಳ್ಳುತ್ತಾರೆ, ನಾವು ಅದು ಗಣಿತದವರ ಕೆಲಸ ಅಂದುಕೊಳ್ಳುತ್ತೇವೆ. ನಡುವೆ ಮಕ್ಕಳು ಬೀಳುತ್ತಾರೆ.

ನಾನು ಈಗ ಮಾಡುತ್ತಿರುವುದು ಇಷ್ಟೇ. ಇಂಗ್ಲಿಷ್ ಪೀರಿಯಡ್ಡಿನಲ್ಲೇ ಇಂಥ ವಾಕ್ಯ ಬರೆದು, ‘ಫ್ರಮ್’ ಕೆಳಗೆ ಒಂದು ಬಾಣ ಹಾಕಿಸುತ್ತೇನೆ. ‘ಯಾವುದರಿಂದ?’ ಎಂದು ಕೇಳಿ, ಆ ಅಂಕಿಯನ್ನು ಮೊದಲು ಬರೆಸುತ್ತೇನೆ. ಉತ್ತರ ಕಂಡುಹಿಡಿಯುವುದೇ ಬೇಡ. ಬರೀ ವಾಕ್ಯದಿಂದ ಗಣಿತಕ್ಕೆ, ಗಣಿತದಿಂದ ವಾಕ್ಯಕ್ಕೆ.

ಹುಡುಗನ ತಂದೆ, ಅರಸೀಕೆರೆ

ಟೀಚರ್‌ಗಳ ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗ ಆರನೇ ತರಗತಿ, ಇಂಗ್ಲಿಷ್ ಮೀಡಿಯಂ. ಅಲ್ಲಿ ಇಂಗ್ಲಿಷಿನಲ್ಲೇ ಪಾಠ, ಇಂಗ್ಲಿಷಿನಲ್ಲೇ ಪರೀಕ್ಷೆ. ನಡುವೆ ಕನ್ನಡ ತಂದರೆ ಗೊಂದಲ ಜಾಸ್ತಿ ಆಗುವುದಿಲ್ವಾ? ಅವನ ಟ್ಯೂಷನ್ನಿನಲ್ಲಿ ಒಂದು ಚಾರ್ಟ್ ಕೊಟ್ಟಿದ್ದಾರೆ. ‘ಮೋರ್’ ಅಂದರೆ ಪ್ಲಸ್, ‘ಲೆಸ್’ ಅಂದರೆ ಮೈನಸ್, ‘ಟೈಮ್ಸ್’ ಅಂದರೆ ಇಂಟು, ‘ಶೇರ್’ ಅಂದರೆ ಭಾಗಾಕಾರ. ಇದು ಸುಲಭ ಅನ್ನಿಸಿತು. ಇದೇ ಸಾಕಲ್ವಾ?

ಇಂಗ್ಲಿಷ್ ಟೀಚರ್, ಮೂಡಿಗೆರೆ

ಬೇಜಾರೇನೂ ಇಲ್ಲ ಸರ್, ಅಪ್ಪ ಅಮ್ಮ ಬಂದು ಕೇಳಿದರೆ ನಮಗೆ ಖುಷಿ. ಆದರೆ ಆ ಚಾರ್ಟ್ ಬಗ್ಗೆ ಸ್ವಲ್ಪ ಹುಷಾರಾಗಿರಿ.

ಈ ಲೆಕ್ಕ ಮಗನಿಗೆ ಇಂಗ್ಲಿಷಿನಲ್ಲಿ ಕೊಡಿ. ರವಿ ಹತ್ತಿರ ಸೀತೆಗಿಂತ 5 ಪೆನ್ಸಿಲ್ ಜಾಸ್ತಿ ಇವೆ. ರವಿ ಹತ್ತಿರ 12 ಇವೆ. ಸೀತೆ ಹತ್ತಿರ ಎಷ್ಟು? ಪ್ರಶ್ನೆಯಲ್ಲಿ ‘ಮೋರ್’ ಇದೆ. ಚಾರ್ಟ್ ನಂಬಿದ ಹುಡುಗ 12ಕ್ಕೆ 5 ಕೂಡಿಸಿ 17 ಅನ್ನುತ್ತಾನೆ. ಸರಿಯಾದ ಉತ್ತರ 7. ಒಂದು ಪದ ನೋಡಿ ಚಿಹ್ನೆ ಹಾಕುವ ಅಭ್ಯಾಸ ನಾಲ್ಕನೇ ತರಗತಿಯಲ್ಲಿ ಮಾರ್ಕ್ಸ್ ತರುತ್ತದೆ, ಏಳನೇ ತರಗತಿಯಲ್ಲಿ ಕೈ ಕೊಡುತ್ತದೆ. ಯಾರ ಹತ್ತಿರ ಜಾಸ್ತಿ, ಯಾರ ಹತ್ತಿರ ಕಡಿಮೆ ಎಂದು ಮೊದಲು ಅವನೇ ಹೇಳಲಿ. ಯಾವ ಭಾಷೆಯಲ್ಲಾದರೂ ಸರಿ.

ನಿವೃತ್ತ ಮುಖ್ಯೋಪಾಧ್ಯಾಯ, ಹೊಳೆನರಸೀಪುರ

ಅರಸೀಕೆರೆಯವರ ಪ್ರಶ್ನೆ ನ್ಯಾಯವಾದದ್ದು. ಪರೀಕ್ಷೆ ಇಂಗ್ಲಿಷಿನಲ್ಲಿ ಇದ್ದಾಗ ಕನ್ನಡ ಯಾಕೆ ಅಂತ ನನ್ನ ಸರ್ವೀಸಿನ ಉದ್ದಕ್ಕೂ ಪೋಷಕರು ಕೇಳುತ್ತಿದ್ದರು.

ಆಸ್ಟ್ರೇಲಿಯಾದ ಆನ್ ನ್ಯೂಮನ್ ಎಂಬ ಶಿಕ್ಷಣತಜ್ಞೆ 1977ರಲ್ಲಿ ಒಂದು ವಿಧಾನ ಕೊಟ್ಟರು. ವಾಕ್ಯರೂಪದ ಲೆಕ್ಕದಲ್ಲಿ ಮಗು ಐದು ಮೆಟ್ಟಿಲು ಹತ್ತಬೇಕು. ಪ್ರಶ್ನೆ ಓದುವುದು, ಅರ್ಥ ಮಾಡಿಕೊಳ್ಳುವುದು, ಅದನ್ನು ಗಣಿತದ ರೂಪಕ್ಕೆ ತರುವುದು, ಲೆಕ್ಕ ಮಾಡುವುದು, ಉತ್ತರವನ್ನು ಸರಿಯಾಗಿ ಬರೆಯುವುದು. ಮಗು ತಪ್ಪು ಮಾಡಿದಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮೆಟ್ಟಿಲು ಕೇಳುತ್ತಾ ಬರಬೇಕು. ‘ಇದನ್ನು ಓದು. ಏನು ಕೇಳುತ್ತಿದ್ದಾರೆ ಹೇಳು. ಹೇಗೆ ಮಾಡುತ್ತೀಯ? ಮಾಡಿ ತೋರಿಸು. ಈಗ ಉತ್ತರ ಬರಿ.’ ತಪ್ಪುಗಳಲ್ಲಿ ಬಹಳಷ್ಟು ನಾಲ್ಕನೇ ಮೆಟ್ಟಿಲಿಗೆ ಬರುವ ಮೊದಲೇ ಆಗಿರುತ್ತವೆ ಅನ್ನುವುದು ಅವರು ಕಂಡದ್ದು. ನಾವು ಮಾಡುವುದೇನು? ತಪ್ಪಾಯಿತು ಅಂದ ತಕ್ಷಣ ಅದೇ ಥರದ ಇನ್ನೂ ಹತ್ತು ಲೆಕ್ಕ ಹೋಂವರ್ಕ್ ಕೊಡುತ್ತೇವೆ. ಮಗು ಎರಡನೇ ಮೆಟ್ಟಿಲಲ್ಲಿ ನಿಂತಿದೆ, ಮದ್ದು ನಾಲ್ಕನೆಯದಕ್ಕೆ.

ಕನ್ನಡ ಬೇಕಾಗುವುದು ಇಲ್ಲೇ. ಎರಡನೇ ಪ್ರಶ್ನೆಗೆ, ಅಂದರೆ ‘ಏನು ಕೇಳುತ್ತಿದ್ದಾರೆ’ ಅನ್ನುವುದಕ್ಕೆ, ಮಗು ಮನೆಮಾತಿನಲ್ಲಿ ಉತ್ತರ ಕೊಡಲಿ. ಅಲ್ಲಿ ಸಲೀಸಾಗಿ ಹೇಳಿ, ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ ಕೊರತೆ ಭಾಷೆಯದು. ಕನ್ನಡದಲ್ಲೂ ಹೇಳಲಾಗದಿದ್ದರೆ ಗಣಿತವೇ ಹತ್ತಿಲ್ಲ. ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಇಂಗ್ಲಿಷ್ ಒಂದೇ ಇಟ್ಟುಕೊಂಡರೆ ಯಾವುದು ಎಂದು ಗೊತ್ತಾಗುವುದೇ ಇಲ್ಲ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಲಿ, ಯೋಚನೆಗೆ ಯಾಕೆ ಬೇಲಿ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ, ಆಗುವುದಾದರೆ ಎಂಟರವರೆಗೂ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ.

ಕನ್ನಡದಲ್ಲಿ ಗಣಿತ ಆಗುವುದಿಲ್ಲ ಅನ್ನುವವರಿಗೆ ಇನ್ನೊಂದು ಮಾತು. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಿದ್ದಾನೆ.

ವಿಜ್ಞಾನ ಟೀಚರ್, ಕಡೂರು

ಹಿರಿಯರು ಹೇಳಿದ್ದು ಸರಿ. ಆದರೆ ‘ಕನ್ನಡ’ ಅಂದಾಗ ಯಾವ ಕನ್ನಡ ಅನ್ನುವುದನ್ನೂ ಯೋಚಿಸಬೇಕು.

ನಮ್ಮ ಶಾಲೆಗೆ ತಾಂಡಾದಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಉರ್ದು ಮಾತಾಡುವವರೂ ಇದ್ದಾರೆ. ಅವರಿಗೆ ಕನ್ನಡವೇ ಶಾಲೆಯ ಭಾಷೆ. ಕನ್ನಡದ ಮನೆಯ ಮಕ್ಕಳಿಗಾದರೂ ಸಮಾನುಪಾತ, ಛೇದ, ಬಹುಲಕ, ಚರಾಕ್ಷರ ಇವೆಲ್ಲ ಯಾರ ಮನೆಯ ಮಾತು? ‘ಡಿನಾಮಿನೇಟರ್ ಅಂದರೆ ಛೇದ’ ಎಂದು ಬರೆಸಿದರೆ ಒಂದು ಗೊತ್ತಿಲ್ಲದ ಪದಕ್ಕೆ ಇನ್ನೊಂದು ಗೊತ್ತಿಲ್ಲದ ಪದ ಕೊಟ್ಟ ಹಾಗೆ ಆಯಿತು. ಮಕ್ಕಳಿಗೆ ಗೊತ್ತಿರುವುದು ಪಾಲು, ಅರ್ಧ, ಕಾಲು, ಮುಕ್ಕಾಲು, ಒಂದೂವರೆ. ‘ಒಟ್ಟು ಎಷ್ಟು ಪಾಲು ಮಾಡಿದೆವು’ ಅನ್ನುವುದು ಕೆಳಗಿನ ಅಂಕಿ, ‘ಅದರಲ್ಲಿ ಎಷ್ಟು ತಗೊಂಡೆವು’ ಅನ್ನುವುದು ಮೇಲಿನದು. ಇಷ್ಟು ಕೈಯಲ್ಲಿ ಮಾಡಿ, ಬಾಯಲ್ಲಿ ಹೇಳಿದ ಮೇಲೆ ಛೇದವೂ ನಿಲ್ಲುತ್ತದೆ, ಡಿನಾಮಿನೇಟರ್ರೂ ನಿಲ್ಲುತ್ತದೆ.

ನಮ್ಮಲ್ಲಿ ಸುತ್ತಳತೆಗೆ ಅಂಗಳದ ಸುತ್ತ ಹಗ್ಗ ಹಿಡಿದು ಮಕ್ಕಳೇ ನಡೆಯುತ್ತಾರೆ. ವಿಸ್ತೀರ್ಣಕ್ಕೆ ಒಂದು ಚದರ ಅಡಿಯ ರಟ್ಟು ಜೋಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಮಾತಿನಲ್ಲಿ, ಕನ್ನಡದಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಲಂಬಾಣಿಯಲ್ಲಿ ಹೇಳುವಾಗ ಆ ಮಕ್ಕಳ ಮುಖದಲ್ಲಿ ಕಾಣುವ ಧೈರ್ಯ ನೋಡಬೇಕು.

ತೋಟದವರು, ಸಕಲೇಶಪುರ

ನಾನು ಟೀಚರ್ ಅಲ್ಲ, ಕಾಫಿ ಬೆಳೆಗಾರ. ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಇದ್ದೇನೆ. ಒಂದೆರಡು ಮಾತು.

ಮೂಡಿಗೆರೆ ಮೇಡಂ ‘ಪರ್’, ‘ಈಚ್’ ಅಂದರಲ್ಲ, ನಮ್ಮ ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಮನೆಗಳ, ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಹಣ್ಣು ಕೊಯ್ಯುವಾಗ ಕೂಲಿ ಕೆಜಿಗೆ ಇಷ್ಟು ಅಂತ ಇರುತ್ತದೆ. ಕೆಜಿಗೆ 6 ರೂಪಾಯಿ ಅಂತ ಇಟ್ಟುಕೊಳ್ಳಿ, ಅಮ್ಮ 45 ಕೆಜಿ ಕೊಯ್ದರೆ 270 ಎಂದು ಆರನೇ ತರಗತಿ ಹುಡುಗ ತೂಕದ ಹತ್ತಿರ ನಿಂತೇ ಹೇಳುತ್ತಾನೆ. ‘ಕೆಜಿಗೆ’ ಅನ್ನುವುದೇ ‘ಪರ್ ಕೆಜಿ’. ‘ತಲಾ’ ಅನ್ನುವುದೇ ‘ಈಚ್’. ಕಾಫಿ ರೇಟು 50 ಕೆಜಿ ಮೂಟೆಯ ಮೇಲೆ ಹೇಳುತ್ತಾರೆ. ಮೂಟೆಗೆ 20,000 ಅಂದರೆ ಕೆಜಿಗೆ ಎಷ್ಟು? ಇದು ಪುಸ್ತಕದ ಯೂನಿಟ್ ರೇಟ್ ಅಲ್ವಾ?

ವಿಸ್ತೀರ್ಣಕ್ಕೆ ಗುಂಟೆ ತೆಗೆದುಕೊಳ್ಳಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಆ ಒಂದು ಗುಂಟೆಗೆ ಬೇಲಿ ಹಾಕಲು ತಂತಿ ಒಂದು ಸುತ್ತಿಗೆ 132 ಅಡಿ ಬೇಕು. ಒಂದೇ ಜಾಗದಲ್ಲಿ ಏರಿಯಾ, ಪೆರಿಮೀಟರ್ ಎರಡೂ ಸಿಕ್ಕಿತು.

ಗಣಿತ ಮೇಷ್ಟ್ರು, ಬೇಲೂರು

ಇಷ್ಟು ಒಳ್ಳೆಯ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ಮೂಡಿಗೆರೆ ಮೇಡಂ ಹೇಳಿದ ಪುಟ್ಟ ಪದಗಳಿಗೆ ನಾನೂ ಒಂದು ಸೇರಿಸುತ್ತೇನೆ. ನಾವು ನಾಲ್ಕು ಗುಣಿಸು ಐದಕ್ಕೆ ‘ಫೋರ್ ಇಂಟು ಫೈವ್’ ಅನ್ನುತ್ತೇವೆ. ಮಕ್ಕಳಿಗೆ ಇಂಟು ಅಂದರೆ ಗುಣಾಕಾರವೇ. ಆದರೆ ‘ಡಿವೈಡ್ 20 ಇಂಟು 4 ಈಕ್ವಲ್ ಪಾರ್ಟ್ಸ್’ ಎಂದು ಪ್ರಶ್ನೆ ಬಂದರೆ ಗುಣಿಸಬೇಕೋ ಭಾಗಿಸಬೇಕೋ ಎಂದು ಮಗು ಪೆನ್ನು ಕೆಳಗಿಡುತ್ತದೆ. ‘ಬೈ’ ಕಥೆಯೂ ಹಾಗೇ. ‘ಥ್ರೀ ಬೈ ಫೋರ್’ ಅಂದರೆ ಮುಕ್ಕಾಲು, ‘30 ಬೈ 40 ಸೈಟ್’ ಅಂದರೆ ಉದ್ದ ಅಗಲ. ಮಗುವಿನ ಕಿವಿಗೆ ಎರಡೂ ದಿನಾ ಬೀಳುತ್ತವೆ.

ಒಂದು ಕಷ್ಟ ಇದೆ, ಮುಚ್ಚಿಡುವುದಿಲ್ಲ. ಹೊತ್ತು ಎಲ್ಲಿಂದ ತರುವುದು? ಪಾಠ ಮುಗಿಸಬೇಕು, ಮೌಲ್ಯಮಾಪನ, ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ. ಪದಗಳಿಗೆ ಬೇರೆ ಪೀರಿಯಡ್ ಸಿಗುವುದಿಲ್ಲ.

ಬಿ.ಎಡ್. ವಿದ್ಯಾರ್ಥಿನಿ, ಹಾಸನ

ನಮಸ್ತೆ ಸರ್. ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ಒಂದು ವಿಧಾನ ನಾನು ಅಭ್ಯಾಸ ಪಾಠದಲ್ಲಿ ಬಳಸಿದೆ. ಹೊತ್ತು ಜಾಸ್ತಿ ಹಿಡಿಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊರೊಥಿ ಫ್ರೇಯರ್ ಮತ್ತು ಜೊತೆಯವರು 1969ರಲ್ಲಿ ತಂದದ್ದು. ಒಂದು ಹಾಳೆಯನ್ನು ನಾಲ್ಕು ಭಾಗ ಮಾಡಿ ನಡುವೆ ಪದ ಬರೆಯಬೇಕು. ಒಂದು ಮನೆಯಲ್ಲಿ ಅರ್ಥ, ಇನ್ನೊಂದರಲ್ಲಿ ಗುಣಲಕ್ಷಣ, ಮೂರನೆಯದರಲ್ಲಿ ಉದಾಹರಣೆ, ನಾಲ್ಕನೆಯದರಲ್ಲಿ ಅದು ಅಲ್ಲದ್ದು. ನಾನು ಹಳೇ ಕ್ಯಾಲೆಂಡರಿನ ಹಿಂಬದಿ ಬಳಸಿದೆ. ನಡುವೆ ‘ಪ್ರೈಮ್ ನಂಬರ್’ ಮತ್ತು ‘ಅವಿಭಾಜ್ಯ ಸಂಖ್ಯೆ’ ಎರಡನ್ನೂ ಬರೆದೆ. ಅರ್ಥವನ್ನು ಮಕ್ಕಳು ಕನ್ನಡದಲ್ಲೇ ಬರೆದರು, ‘ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗಲ್ಲ’ ಎಂದು. ಉದಾಹರಣೆಗೆ 3, 5, 7, 11 ಬಂತು.

ಮಜಾ ಶುರುವಾದದ್ದು ನಾಲ್ಕನೇ ಮನೆಯಲ್ಲಿ. ಒಬ್ಬ 9 ಬರೆದ, ಒಬ್ಬಳು 15 ಬರೆದಳು. 2 ಎಲ್ಲಿಗೆ ಹೋಗಬೇಕು ಅಂತ ಜಗಳ. ಸಮಸಂಖ್ಯೆ, ಅದಕ್ಕೆ ಆಗಲ್ಲ ಎಂದು ಅರ್ಧ ತರಗತಿ. ಕೊನೆಗೆ ಅರ್ಥದ ಮನೆ ಓದಿ ನೋಡಿ, 2 ಕೂಡ ಪ್ರೈಮ್ ಎಂದು ಅವರೇ ಒಪ್ಪಿದರು. 1ಕ್ಕೆ ಬಂದಾಗ ಇನ್ನೂ ಜೋರು ಚರ್ಚೆ. ಪ್ರೈಮ್ ಸಂಖ್ಯೆಗೆ ಸರಿಯಾಗಿ ಎರಡು ಅಪವರ್ತನ ಇರಬೇಕು, 1ಕ್ಕೆ ಒಂದೇ ಇದೆ ಎಂದು ಗೊತ್ತಾದ ಮೇಲೆ ಮಕ್ಕಳೇ ಮೊದಲ ಮನೆಯ ಮಾತನ್ನು ತಿದ್ದಿ ಬರೆದರು.

ಒಂದು ಪಾಠಕ್ಕೆ ಒಂದೇ ಪದಕ್ಕೆ ಹೀಗೆ ಮಾಡಿದರೂ ಸಾಕು ಅನ್ನಿಸುತ್ತದೆ ಸರ್. ಎಲ್ಲಾ ಪದಕ್ಕೂ ಮಾಡಲು ಹೋದರೆ ಮಕ್ಕಳಿಗೂ ಬೇಸರ.

ಇಂಗ್ಲಿಷ್ ಟೀಚರ್, ಮೂಡಿಗೆರೆ

ತುಂಬಾ ಚೆನ್ನಾಗಿ ಮಾಡಿದ್ದೀರಿ ಪುಟ್ಟಿ. ಹೊತ್ತಿನ ಬಗ್ಗೆ ಬೇಲೂರು ಸರ್‌ಗೆ ಹೇಳುವುದಾದರೆ, ಬೇರೆ ಪೀರಿಯಡ್ ಬೇಡ. ಅದೇ ವಾರ, ಅವೇ ಪದ, ಎರಡು ತರಗತಿ. ನಮ್ಮ ಶಾಲೆಯಲ್ಲಿ ಗಣಿತದ ಸರ್ ಶನಿವಾರ ನನಗೆ ಮುಂದಿನ ವಾರದ ಪಾಠದಿಂದ ನಾಲ್ಕೈದು ಪದ ಕೊಡುತ್ತಾರೆ. ನಾನು ಹೇಗೂ ವಾಕ್ಯರಚನೆ ಮಾಡಿಸಲೇಬೇಕು. ರಾಮ ಶಾಲೆಗೆ ಹೋದನು ಅನ್ನುವ ಬದಲು ಈ ಪದಗಳಲ್ಲೇ ಮಾಡಿಸುತ್ತೇನೆ. ಅರ್ಧ ವಾಕ್ಯ ನಾನು ಕೊಡುತ್ತೇನೆ, ‘ದಿ ಡಿಫರೆನ್ಸ್ ಬಿಟ್ವೀನ್ ಡ್ಯಾಶ್ ಆಂಡ್ ಡ್ಯಾಶ್ ಈಸ್ ಡ್ಯಾಶ್’ ಎಂದು. ಮಕ್ಕಳು ತುಂಬಿಸಿ, ಎದ್ದು ನಿಂತು ಓದುತ್ತಾರೆ. ಬಾಯಲ್ಲಿ ಆಡದ ಪದ ಪರೀಕ್ಷೆಯಲ್ಲಿ ಕಣ್ಣಿಗೂ ಕಾಣುವುದಿಲ್ಲ.

ಇನ್ನೊಂದು, ಎರಡು ಅರ್ಥದ ಪದಗಳು. ವಾಲ್ಯೂಮ್ ಅಂದರೆ ಮಕ್ಕಳಿಗೆ ಟಿವಿ ಸೌಂಡು. ಪವರ್ ಅಂದರೆ ಕರೆಂಟು. ಪ್ರಾಡಕ್ಟ್ ಅಂದರೆ ಅಂಗಡಿಯಲ್ಲಿ ಸಿಗುವ ಸಾಮಾನು, ಗಣಿತದಲ್ಲಿ ಗುಣಲಬ್ಧ. ಟೇಬಲ್, ಮೀನ್, ರೂಟ್, ರೈಟ್ ಆಂಗಲ್, ಎಲ್ಲಾ ಇದೇ ಸಾಲು. ಇವು ಸುಲಭದ ಪದ ಎಂದು ನಾವು ಬಿಟ್ಟುಬಿಡುತ್ತೇವೆ. ‘ಹೈಪೊಟೆನ್ಯೂಸ್’ ನೋಡಿದರೆ ಮಗು ಗೊತ್ತಿಲ್ಲ ಎಂದು ಕೇಳುತ್ತದೆ. ‘ಪ್ರಾಡಕ್ಟ್’ ನೋಡಿದರೆ ಗೊತ್ತು ಎಂದುಕೊಂಡು ಕೇಳುವುದೇ ಇಲ್ಲ. ನನಗೆ ಹೆಚ್ಚು ಭಯ ಇಂಥವುಗಳದೇ.

ಪದ ಬಿಡಿಸುವುದನ್ನೂ ಮಕ್ಕಳು ಇಷ್ಟಪಡುತ್ತಾರೆ. ಸೆಂಟ್ ಅಂದರೆ ನೂರು. ಪರ್ಸೆಂಟ್, ಸೆಂಟಿಮೀಟರ್, ಕ್ರಿಕೆಟ್ಟಿನ ಸೆಂಚುರಿ, ಎಲ್ಲದರಲ್ಲೂ ಅದೇ. ಟ್ರಯಾಂಗಲ್‌ನ ಟ್ರೈ, ತ್ರಿಕೋನದ ತ್ರಿ ಎರಡೂ ನೆಂಟರು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಹುಡುಗನ ತಂದೆ, ಅರಸೀಕೆರೆ

ಮೇಡಂ, ಹಿರಿಯರು ಹೇಳಿದ ಹಾಗೆ ನಿನ್ನೆ ರಾತ್ರಿ ಮಗನ ಹತ್ತಿರ ಕೂತೆ. ಪೆನ್ಸಿಲ್ ಲೆಕ್ಕಕ್ಕೆ 17 ಅಂದ, ನೀವು ಹೇಳಿದ ಹಾಗೇ. ಕನ್ನಡದಲ್ಲಿ ಹೇಳು ಅಂದೆ. ‘ರವಿ ಹತ್ತಿರ ಜಾಸ್ತಿ ಇರೋದು ಅಪ್ಪಾ, ಅಂದ್ರೆ ಸೀತೆ ಹತ್ರ ಕಮ್ಮಿ’ ಅಂದು, ತಾನೇ 7 ಎಂದು ತಿದ್ದಿದ. ಇನ್ನೊಂದು ಪ್ರಶ್ನೆಯಲ್ಲಿ ‘ಅಟ್ ಲೀಸ್ಟ್ 3’ ಅಂತ ಇತ್ತು. ಲೀಸ್ಟ್ ಅಂದರೆ ಕಡಿಮೆ, ಹಾಗಾಗಿ 3ಕ್ಕಿಂತ ಕಡಿಮೆ ಅಂದ. ‘ಅಟ್ಲೀಸ್ಟ್ ಮೂರು ಇಡ್ಲಿ ತಿನ್ನು ಅಂತ ಅಮ್ಮ ಹೇಳಿದರೆ ಎರಡು ತಿಂದರೆ ಬಿಡುತ್ತಾಳಾ?’ ಎಂದು ಕೇಳಿದೆ. ಆಮೇಲೆ ಅರ್ಥವಾಯಿತು. ನಮ್ಮಂಥವರು ಮನೆಯಲ್ಲಿ ಇನ್ನೇನು ಮಾಡಬಹುದು?

ನಿವೃತ್ತ ಮುಖ್ಯೋಪಾಧ್ಯಾಯ, ಹೊಳೆನರಸೀಪುರ

ನೀವು ಮಾಡಿದ್ದೇ ಸಾಕು, ದಿನಾ ಒಂದು ಪ್ರಶ್ನೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕ ಪುಕ್ಕಟೆ ಸಿಗುತ್ತವೆ. ಅದೇ ಪಾಠವನ್ನು ಕನ್ನಡದಲ್ಲೂ ಫೋನಿನಲ್ಲಿ ತೆರೆದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಟೀಚರ್‌ಗಳಿಗೆ ಹೇಳುವುದು, ಜೂನ್‌ನಲ್ಲಿ ಹೇಗೂ ಸೇತುಬಂಧ, ಅಂದರೆ ಹಿಂದಿನ ತರಗತಿಯ ಪಾಠ ನೆನಪಿಸುವ ಕಾರ್ಯಕ್ರಮ, ನಡೆಯುತ್ತದೆ. ಆಗಲೇ ಆ ಪುಟ್ಟ ಪದಗಳನ್ನು ಅಂಕಿಯ ಜೊತೆ ಕೂರಿಸಿಬಿಡಿ. ಮತ್ತೆ, ಪದದ ಸ್ಪೆಲಿಂಗ್ ತಪ್ಪಿತು ಎಂದು ಗಣಿತದ ಉತ್ತರಕ್ಕೆ ಮಾರ್ಕ್ಸ್ ಕಡಿಯಬೇಡಿ. ಒಮ್ಮೆ ಕಡಿದರೆ ಆ ಮಗು ಆಮೇಲೆ ವಾಕ್ಯ ಬರೆಯುವುದನ್ನೇ ಬಿಟ್ಟು ಬರೀ ಅಂಕಿ ಬರೆಯುತ್ತದೆ.

ಗಣಿತ ಮೇಷ್ಟ್ರು, ಬೇಲೂರು

ಮುಂದಿನ ವಾರ ಸುತ್ತಳತೆ, ವಿಸ್ತೀರ್ಣ ಶುರು ಮಾಡುತ್ತೇನೆ. ನಮ್ಮ ಇಂಗ್ಲಿಷ್ ಟೀಚರ್‌ಗೆ ಇವತ್ತೇ ಕೊಟ್ಟ ಪದಗಳು ಇವು: ಪೆರಿಮೀಟರ್, ಏರಿಯಾ, ಸ್ಕ್ವೇರ್ ಯೂನಿಟ್, ಬೌಂಡರಿ, ಈಚ್ ಸೈಡ್. ಅವರು ಖುಷಿಯಿಂದಲೇ ಒಪ್ಪಿದರು. ಪುಸ್ತಕದ ಪ್ರಶ್ನೆಗಳಲ್ಲಿ ಬೇಲಿ, ಟೈಲ್ಸ್ ಬಂದಾಗ ಪದ ನೋಡಿ ಸೂತ್ರ ಹಾಕದೆ ಮೊದಲು ಚಿತ್ರ ಬರೆಯಬೇಕು ಎಂದು ಮಕ್ಕಳಿಗೆ ಹೇಳಿದ್ದೇನೆ. ಸಕಲೇಶಪುರದವರ ಗುಂಟೆ ಲೆಕ್ಕ ಮೊದಲನೇ ದಿನಕ್ಕೆ.

ಆಮೇಲೆ ಸಮಮಿತಿ ಪಾಠಕ್ಕೆ ಮಕ್ಕಳನ್ನು ಚೆನ್ನಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. 1117ರಲ್ಲಿ ಕಟ್ಟಿದ್ದು, 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು, ನಮ್ಮ ಮಕ್ಕಳು ದಿನಾ ಅದರ ಮುಂದೆ ಬಸ್ ಇಳಿಯುತ್ತಾರೆ. ದೇವಸ್ಥಾನ ನಿಂತಿರುವ ಕಟ್ಟೆ, ಆ ಜಗತಿಯ ಮೂಲೆಗಳನ್ನು ನೋಡಿ ಬಂದು ಕಾಗದದ ಒಂದು ಚೌಕದ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಅಂಟಿಸಿದರೆ ಎಂಟು ಮೂಲೆಯ ನಕ್ಷತ್ರ. ರೊಟೇಷನ್, ಆಂಗಲ್, ಸಿಮೆಟ್ರಿ ಮೂರೂ ಕೈಯಲ್ಲೇ ಇರುತ್ತವೆ. ಕಡೆದ ಕಂಬಗಳ ಸುತ್ತ ದಾರ ಸುತ್ತಿ ಅಳೆಯಲು ಬಿಡುವುದಿಲ್ಲ, ಅದಕ್ಕೆ ಶಾಲೆಯ ನೀರಿನ ಡ್ರಮ್ಮು ಇದೆ.

ಮೂಡಿಗೆರೆ ಮೇಡಂ, ನಿಮ್ಮ ಅರ್ಧ ವಾಕ್ಯಗಳಲ್ಲಿ ಏರಿಯಾಗೆ ಸಂಬಂಧಿಸಿದವು ಇದ್ದರೆ ಇಲ್ಲೇ ಹಾಕಿ. ಈ ತಿಂಗಳ ಟೀಚರ್‌ಗಳ ಸಮಾಲೋಚನಾ ಸಭೆಗೆ ಪ್ರಿಂಟ್ ಮಾಡಿ ಒಯ್ಯುತ್ತೇನೆ.

ಇಂಗ್ಲಿಷ್ ಟೀಚರ್, ಮೂಡಿಗೆರೆ

ಸಂಜೆ ಹಾಕುತ್ತೇನೆ ಸರ್. ಕಡೂರು ಮೇಡಂ, ನೀವು ಲಂಬಾಣಿಯಲ್ಲಿ ಮಕ್ಕಳು ಹೇಳಿದ್ದನ್ನೂ ಬರೆದಿಟ್ಟಿದ್ದರೆ ಜೊತೆಗೆ ಕಳಿಸಿ, ಪಕ್ಕದ ಕಾಲಮ್ಮಿನಲ್ಲಿ ಸೇರಿಸೋಣ.